ಮೂರು ಚುಕ್ಕೆಯ ಜಾಯಿಂಟುಗಳು

ಸಂಜೆ ನಾನು ಮೆಟ್ಟಿಲ ಮೇಲೆ ಕೂತು ಬೂಟು ಕಳಚುತ್ತಿರುವಾಗಲೇ ಒಳಗಿನಿಂದ ಅಪ್ಪನ ಪ್ರಶ್ನೆ ಬರುತ್ತಿತ್ತು.

“ಇವತ್ತು ಎಲ್ಲಿ ಪೈಪು, ತಮ್ಮಾ?”

ಭಟ್ಕಳದ ಐಸ್ ಫ್ಯಾಕ್ಟರಿ ಎಂದರೆ, ಎಷ್ಟು ಬಂತು ಎಂದು ಕೇಳುತ್ತಿದ್ದ. ಏಳು ಪಾಯಿಂಟ್ ಎರಡು ಎಂದರೆ ಆ ಅಂಕಿಯನ್ನು ಒಮ್ಮೆ ತಾನೂ ಹೇಳಿಕೊಂಡು, ತಲೆಯಾಡಿಸಿ, ಮೂಗಿನ ಆಕ್ಸಿಜನ್ ನಳಿಗೆಯನ್ನು ಸರಿಮಾಡಿಕೊಂಡು ಮತ್ತೆ ದಿಂಬಿಗೆ ಒರಗುತ್ತಿದ್ದ. ಕುಮಟೆಯ ನಮ್ಮ ಕೇರಿಯಲ್ಲಿ ನನ್ನ ಕೆಲಸ ಏನೆಂದು ಸರಿಯಾಗಿ ತಿಳಿದುಕೊಂಡಿದ್ದವನು ಅವನೊಬ್ಬನೇ. ಉಳಿದವರ ಪಾಲಿಗೆ ನಾನು ಪೈಪಿಗೆ ಸ್ಕ್ಯಾನಿಂಗ್ ಮಾಡುವವನು.

ಹಾಗೆ ನೋಡಿದರೆ ಅದೂ ಸುಳ್ಳಲ್ಲ. ಪೈಪನ್ನು ಕೊಯ್ಯದೆ, ಬಿಚ್ಚದೆ, ನೀರು ನಿಲ್ಲಿಸದೆ, ಒಳಗೆ ತುಕ್ಕು ಎಷ್ಟು ತಿಂದಿದೆ ಎಂದು ಹೊರಗಿನಿಂದಲೇ ಹೇಳುವುದು ನನ್ನ ಕೆಲಸ. ಎಂಟಾಣೆಯಷ್ಟು ಅಗಲದ ಒಂದು ಪ್ರೋಬು, ಅದಕ್ಕೊಂದು ವಯರು, ಅಂಗೈಯಲ್ಲಿ ಹಿಡಿಯುವ ಒಂದು ಯಂತ್ರ. ಕಬ್ಬಿಣವನ್ನು ಉಜ್ಜಿ ಬೆಳ್ಳಗೆ ಮಾಡಿ, ಅಂಟಂಟಾದ ಜೆಲ್ ಹಚ್ಚಿ, ಪ್ರೋಬನ್ನು ಒತ್ತಿ ಹಿಡಿದರೆ ನಮ್ಮ ಕಿವಿಗೆ ಕೇಳದ ಸದ್ದೊಂದು ಕಬ್ಬಿಣದೊಳಗೆ ಹೋಗಿ, ಆಚೆ ಬದಿಗೆ ಬಡಿದು ವಾಪಸು ಬರುತ್ತದೆ. ಎಷ್ಟು ಹೊತ್ತಿಗೆ ಬಂತು ಎಂಬುದರ ಮೇಲೆ ಯಂತ್ರ ಲೋಹದ ದಪ್ಪವನ್ನು ಮಿಲಿಮೀಟರಿನಲ್ಲಿ ತೋರಿಸುತ್ತದೆ. ಎಂಟನೇ ತರಗತಿಯ ಮಗುವಿಗೂ ಎರಡು ದಿನದಲ್ಲಿ ಕಲಿಸಬಹುದು. ಕಷ್ಟ ಇರುವುದು ಪ್ರೋಬನ್ನು ಎಲ್ಲಿ ಇಡಬೇಕು ಎಂಬುದರಲ್ಲಿ. ಪೈಪಿನ ಮಧ್ಯದಲ್ಲಿಟ್ಟರೆ ಮೂವತ್ತು ವರ್ಷದ ಪೈಪೂ ಹೊಸದರಂತೆ ಕಾಣುತ್ತದೆ. ತುಕ್ಕು ಕೂರುವುದು ಬೆಸುಗೆ ಹಾಕಿದಲ್ಲಿ. ಬೆಸುಗೆಯ ಉಬ್ಬು ತಗ್ಗಿನ ಮೇಲೆ ಪ್ರೋಬು ಸರಿಯಾಗಿ ಕೂರುವುದಿಲ್ಲ, ಅರ ಹಾಕಿ ಸಮ ಮಾಡಬೇಕು, ಕೈ ನೋಯುತ್ತದೆ. ಅದಕ್ಕೇ ನನ್ನ ಕಸುಬಿನ ಅರ್ಧಕ್ಕರ್ಧ ಜನ ಮಧ್ಯದಲ್ಲೇ ಇಟ್ಟು ಊಟಕ್ಕೆ ಹೋಗುತ್ತಾರೆ.

ನಾನು ಹಾಗೆ ಮಾಡಿದವನಲ್ಲ. ಇದನ್ನು ಜಂಬದಿಂದಲೇ ಹೇಳುತ್ತೇನೆ, ಯಾಕೆಂದರೆ ಜಂಬಪಡಲು ನನ್ನಲ್ಲಿ ಬೇರೇನೂ ಉಳಿದಿಲ್ಲ. ಅಪ್ಪನೂ ಇದನ್ನೇ ನಾಲ್ಕು ಜನರ ಮುಂದೆ ಹೇಳುತ್ತಿದ್ದ: “ನಮ್ಮನಿ ಮಾಣಿ ಮಿಷನ್ ಸುಳ್ಳು ಹೇಳೂದಿಲ್ಲ.”

ಅಪ್ಪನೂ ಪೈಪಿನ ಕೆಲಸದವನೇ. ನಾನು ಹೊರಗಿನವನು, ಅವನು ಒಳಗಿನವನು. ನಾನಿನ್ನೂ ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ, ಗೇರುಸೊಪ್ಪದ ಕಡೆಯಿಂದ ಕಡಲಂಚಿನ ಊರುಗಳಿಗೆ ಕುಡಿಯುವ ನೀರು ತರಲು ಒಂದು ದೊಡ್ಡ ಕಬ್ಬಿಣದ ಪೈಪ್‌ಲೈನು ಹಾಕಿದರು. ಅಪ್ಪ ಅದರಲ್ಲಿ ಗಾರೆ ಕೆಲಸದವನು. ನೀರು ಕಬ್ಬಿಣಕ್ಕೆ ತಾಗದಿರಲೆಂದು ಅಂಥ ಪೈಪುಗಳ ಒಳಮೈಗೆ ಕಾರ್ಖಾನೆಯಲ್ಲೇ ಸಿಮೆಂಟಿನ ಗಾರೆ ಬಳಿದು ಕಳಿಸುತ್ತಾರೆ. ಎರಡೂ ತುದಿಯಲ್ಲಿ ಮಾತ್ರ ಒಂದು ಗೇಣು ಬರಿಮೈ ಬಿಟ್ಟಿರುತ್ತಾರೆ, ಇಲ್ಲದಿದ್ದರೆ ಬೆಸುಗೆಯ ಬಿಸಿಗೆ ಗಾರೆ ಒಡೆದು ಉದುರುತ್ತದೆ. ಪೈಪಿಗೆ ಪೈಪು ಬೆಸೆದ ಮೇಲೆ ಆ ಬರಿಮೈಗೆ ಮನುಷ್ಯರೇ ಒಳಗೆ ಹೋಗಿ ಕೈಯಲ್ಲಿ ಗಾರೆ ತುಂಬಬೇಕು.

ಎರಡೂವರೆ ಅಡಿಯ ಕೊಳವೆ. ಮೊಣಕೈ ಮೇಲೆ ತೆವಳುತ್ತ, ಗಾರೆಯ ಬಾಣಲೆಯನ್ನು ಮುಂದೆ ದೂಡಿಕೊಳ್ಳುತ್ತ, ಹಲ್ಲಿನಲ್ಲಿ ಟಾರ್ಚು ಕಚ್ಚಿಕೊಂಡು ಹೋಗಬೇಕು. ಕಾಲಿಗೆ ಹಗ್ಗ, ಹಗ್ಗದ ತುದಿ ಹೊರಗಿರುವ ಜೊತೆಗಾರನ ಕೈಯಲ್ಲಿ. ಒಳಗಿನಿಂದ ಕರಣೆಯಲ್ಲಿ ಆಗಾಗ ಒಂದು ಸಲ ಕುಟ್ಟಿದರೆ ಕೆಲಸ ನಡೆದಿದೆ ಎಂದರ್ಥ. ಎರಡು ಸಲ ಕುಟ್ಟಿದರೆ ಎಳೆಯಬೇಕು. ಒಂದು ಜಾಯಿಂಟು ಮುಗಿಸಿ ಹೊರಗೆ ಬಂದವನು ಆ ಬೆಸುಗೆಯ ಪಕ್ಕ ಪೈಪಿನ ಹೊರಮೈ ಮೇಲೆ ಪಂಚು ಇಟ್ಟು, ಸುತ್ತಿಗೆಯಲ್ಲಿ ಹೊಡೆದು ಚುಕ್ಕೆ ಮೂಡಿಸುತ್ತಿದ್ದ. ಒಳಗೆ ಗಾರೆ ಆಗಿದೆ ಎಂಬುದಕ್ಕೆ ಅದೇ ಗುರುತು. ಒಬ್ಬೊಬ್ಬ ಕೆಲಸಗಾರನಿಗೆ ಒಂದೊಂದು ಲೆಕ್ಕದ ಚುಕ್ಕೆ. ನನ್ನಪ್ಪನದು ಮೂರು. ಪೈಪಿನೊಳಗೆ ತೆವಳಿ ಹೋಗಿ ಪರೀಕ್ಷೆ ಮಾಡುವ ಇಂಜಿನಿಯರು ಆಗಲೂ ಇರಲಿಲ್ಲ, ಈಗಲೂ ಇಲ್ಲ. ಎಲ್ಲರೂ ಚುಕ್ಕೆಯನ್ನೇ ನಂಬುತ್ತಿದ್ದರು.

ಆ ಲೈನಿನ ಕೊನೆಯ ಊರುಗಳಲ್ಲಿ ಒಂದಕ್ಕೆ ನನ್ನ ಅಕ್ಕನನ್ನು ಕೊಟ್ಟಿದೆ. ಅಲ್ಲಿ ಬಾವಿಯ ನೀರು ಉಪ್ಪು. ಅಕ್ಕ ಮದುವೆಯಾಗಿ ಹೋದ ವರ್ಷ ಅಪ್ಪ ಅವಳ ಮನೆಯ ನಲ್ಲಿ ತಿರುಗಿಸಿ ಬೊಗಸೆಯಲ್ಲಿ ನೀರು ಹಿಡಿದು, ಕುಡಿಯದೆ, ಹಾಗೇ ಚೆಲ್ಲಿದ್ದು ನನಗೆ ನೆನಪಿದೆ. ಆಗ ನಾನು ಅದಕ್ಕೆ ಏನೂ ಅರ್ಥ ಹಚ್ಚಲಿಲ್ಲ.

ಈ ಸಲ ಚಳಿಗಾಲ ಮುಗಿಯುವ ಹೊತ್ತಿಗೆ ಆ ಲೈನಿನ ಪರೀಕ್ಷೆ ನನ್ನ ಪಾಲಿಗೆ ಬಂತು. ಪ್ರತಿ ಪೈಪಿಗೆ ಮೂರು ಕಡೆ ದಪ್ಪ ನೋಡಿ ವರದಿ ಕೊಡಬೇಕು ಎಂದು ನೀರು ಸರಬರಾಜು ಕಚೇರಿಯ ಪತ್ರದಲ್ಲಿತ್ತು. ಅಪ್ಪನಿಗೆ ಹೇಳಿದಾಗ ಅವನು ಮಂಚದ ಮೇಲೆ ಎದ್ದು ಕೂತ. ಆ ದಿನಗಳಲ್ಲಿ ಅವನಿಗೆ ಎದ್ದು ಕೂರುವುದೇ ಒಂದು ದೊಡ್ಡ ಕೆಲಸ. ಸಿಮೆಂಟಿನ ಧೂಳು ಮತ್ತು ಬೀಡಿ ಸೇರಿ ಅವನ ಎದೆಯಲ್ಲಿ ಗಾಳಿಗೆ ಜಾಗವನ್ನೇ ಉಳಿಸಿರಲಿಲ್ಲ.

“ಹೊಳೆ ಮೇಲಿನ ಜಾಯಿಂಟೂ ನೋಡ್ತಿಯಲಾ?”

“ನೋಡ್ತೆ ಅಪ್ಪಾ. ಎಲ್ಲಾ ನೋಡ್ಬೇಕು.”

“ಜಾಯಿಂಟಿನ ಹತ್ರವೇ ಇಡು. ಮಧ್ಯ ಇಟ್ರೆ ಎಂತದೂ ತಿಳೂದಿಲ್ಲ.” ಉಸಿರು ತೆಗೆದುಕೊಂಡು ಮತ್ತೆ ಹೇಳಿದ. “ಹನ್ನೊಂದು ಅದೆ ಅಲ್ಲಿ. ಎಣಿಸ್ಕಂಡು ನೋಡು. ಬಂದು ನಂಗೆ ಹೇಳು.”

ತನ್ನ ಕೆಲಸ ಗಟ್ಟಿಯಾಗಿ ನಿಂತಿದೆ ಎಂಬ ಮಾತೊಂದನ್ನು ಕೇಳಿಸಿಕೊಂಡು ಹೋಗಬೇಕೆಂದು ಮುದುಕನಿಗೆ ಆಸೆ ಎಂದುಕೊಂಡೆ. ಡಾಕ್ಟರು ಅದಾಗಲೇ ನನ್ನನ್ನು ಹೊರಗೆ ಕರೆದು, ಇನ್ನು ಹೆಚ್ಚು ದಿನವಿಲ್ಲ, ಮನಸ್ಸಿಗೆ ಬೇಜಾರಾಗುವ ಮಾತು ಆಡಬೇಡಿ ಎಂದಿದ್ದರು. ನನಗೆ ಕೊಡಲು ಸಾಧ್ಯವಿದ್ದದ್ದು ಆ ಒಂದು ಮಾತು. ಅದಕ್ಕಾಗಿ ಪತ್ರದಲ್ಲಿ ಕೇಳಿದ ಮೂರು ಕಡೆ ಬಿಟ್ಟು, ಪ್ರತಿ ಜಾಯಿಂಟಿನ ಎರಡೂ ಬದಿ ನೋಡುವುದೆಂದು ನಾನೇ ತೀರ್ಮಾನ ಮಾಡಿದೆ. ಯಾರೂ ಹೇಳದ ಕೆಲಸವನ್ನು ಮೈಮೇಲೆ ಎಳೆದುಕೊಳ್ಳುವ ಚಟ ನನಗೆ ಮೊದಲಿನಿಂದಲೂ ಇದೆ.

ನೆಲದೊಳಗಿನ ಜಾಯಿಂಟುಗಳಿಗೆ ಅಲ್ಲಲ್ಲಿ ಗುಂಡಿ ತೆಗೆಸಿದ್ದರು. ಗುಂಡಿಗಿಳಿದು ಹೊರಗಿನ ಡಾಂಬರಿನ ಪಟ್ಟಿಯನ್ನು ಕೆರೆದರೆ ಬೆಸುಗೆಯ ಪಕ್ಕ ಮೂರು ಚುಕ್ಕೆ. ಮೊದಲ ಸಲ ಅದನ್ನು ಬೆರಳಿನಿಂದ ಮುಟ್ಟಿದಾಗ ನನ್ನ ಕಣ್ಣಲ್ಲಿ ನೀರು ಬಂತು. ಪ್ರೋಬು ಇಟ್ಟೆ. ಏಳು ಪಾಯಿಂಟ್ ಐದು. ಹಾಕಿದಾಗ ಎಂಟಿದ್ದ ಕಬ್ಬಿಣ, ಇಷ್ಟು ವರ್ಷ ನೀರು ಹರಿದ ಮೇಲೂ ಹೆಚ್ಚುಕಡಿಮೆ ಹಾಗೇ ಇತ್ತು. ಮೂರು ದಿನ ಗುಂಡಿಯಿಂದ ಗುಂಡಿಗೆ ಇಳಿದೆ. ಮೂರು ಚುಕ್ಕೆ ಇದ್ದಲ್ಲೆಲ್ಲ ಏಳರ ಮೇಲೆಯೇ.

ದಿನಾ ಸಂಜೆ ಬಂದು ಅಪ್ಪನಿಗೆ ಹೇಳಿದೆ. ಅವನು ಹಿಗ್ಗಬಹುದೆಂದುಕೊಂಡಿದ್ದೆ. ಹಿಗ್ಗಲಿಲ್ಲ.

“ಅದು ಇರ್ಲಿ. ಹೊಳೆ ಮೇಲಿಂದು?”

“ಅದು ನಾಳೆ ಅಪ್ಪಾ.”

“ಆತು,” ಎಂದು ಕಣ್ಣು ಮುಚ್ಚಿಕೊಂಡ.

ನಾಲ್ಕನೆಯ ದಿನ ಹೊಳೆಗೆ ಹೋದೆ. ಅಲ್ಲಿ ಪೈಪು ನೆಲದಿಂದ ಮೇಲೆದ್ದು, ಕಾಂಕ್ರೀಟು ಕಂಬಗಳ ಮೇಲೆ ಮಲಗಿಕೊಂಡು ಉಪ್ಪುನೀರಿನ ಹೊಳೆ ದಾಟುತ್ತದೆ. ಲೈನಿನ ವಾಲ್ವ್‌ಮ್ಯಾನ್ ಗೇಟಿನ ಬೀಗ ತೆಗೆದು ಕೊಟ್ಟು ನನ್ನ ಜೊತೆ ಪೈಪಿನ ಪಕ್ಕದ ಕಟ್ಟೆಯ ಮೇಲೆ ನಡೆದು ಬಂದ. ಇಳಿತದ ಹೊತ್ತು. ಕೆಳಗೆ ಕೆಸರಿನಲ್ಲಿ ಅಡುಗೆಗೆ ಚಿಪ್ಪೆಕಲ್ಲು ಹೆಕ್ಕುತ್ತಿದ್ದ ಹೆಂಗಸರು ನಾನು ಜೆಲ್ ಹಚ್ಚುವುದನ್ನು ನೋಡಿ ಕೂಗಿದರು.

“ಎಂತದ್ರಾ ಅದು, ಪೈಪಿಗೂ ಸ್ಕ್ಯಾನಿಂಗಾ? ಹೆಣ್ಣಾ ಗಂಡಾ?”

“ಅದೆಲ್ಲಾ ಹೇಳುಕೆ ಬರೂದಿಲ್ಲ, ಪೊಲೀಸ್ರು ಹಿಡೀತ್ರು,” ಎಂದೆ. ಅವರು ನಕ್ಕರು, ವಾಲ್ವ್‌ಮ್ಯಾನೂ ನಕ್ಕ. ಆ ಲೈನಿನ ಕೆಲಸದಲ್ಲಿ ನಾನು ನಕ್ಕದ್ದು ಅದೇ ಕೊನೆ.

ಮೊದಲ ಜಾಯಿಂಟು. ಬಣ್ಣ ಕೆರೆದೆ, ಮೂರು ಚುಕ್ಕೆ ಕಂಡಿತು. ಒಂದು ಮಾರು ದೂರದಲ್ಲಿ ಪ್ರೋಬು ಇಟ್ಟಾಗ ಏಳು ಪಾಯಿಂಟ್ ನಾಲ್ಕು. ಬೆಸುಗೆಗೆ ಒಂದು ಗೇಣು ಹತ್ತಿರ ತಂದಾಗ ಆರು. ನಾಲ್ಕು ಬೆರಳು ಹತ್ತಿರದಲ್ಲಿ ಮೂರು ಪಾಯಿಂಟ್ ಎಂಟು. ಬೆಸುಗೆಯ ಅಂಚಿನಲ್ಲಿ ಎರಡು ಪಾಯಿಂಟ್ ಆರು. ಯಂತ್ರ ಕೆಟ್ಟಿತೇನೋ ಎಂದು ಜೊತೆಗಿಟ್ಟುಕೊಳ್ಳುವ ಅಳತೆಯ ತುಂಡಿನ ಮೇಲೆ ಇಟ್ಟು ನೋಡಿದೆ. ಯಂತ್ರ ಸರಿಯಾಗಿಯೇ ಇತ್ತು.

ಎರಡನೆಯದೂ ಹಾಗೇ. ಮೂರನೆಯದು ಇನ್ನೂ ತೆಳು. ಆರನೆಯ ಜಾಯಿಂಟಿನ ಹೊತ್ತಿಗೆ ನನ್ನ ಜೆಲ್ ಮುಗಿಯಿತು, ಒಂದೊಂದು ಕಡೆ ಹತ್ತತ್ತು ಸಲ ನೋಡಿದ್ದೆ. ವಾಲ್ವ್‌ಮ್ಯಾನ್ ತನ್ನ ಮನೆಗೆ ಹೋಗಿ ಬಟ್ಟಲಲ್ಲಿ ತೆಂಗಿನೆಣ್ಣೆ ತಂದುಕೊಟ್ಟ. ಜೆಲ್ ಇಲ್ಲದಾಗ ಅದೂ ನಡೆಯುತ್ತದೆ. ಎಣ್ಣೆ ಹಚ್ಚಿ ಹಚ್ಚಿ ಹನ್ನೊಂದನ್ನೂ ನೋಡಿದೆ. ಕೊನೆಯ ಎರಡರಲ್ಲಿ ಅಡಿಭಾಗಕ್ಕೆ ಪ್ರೋಬು ಒತ್ತಿದರೆ ಅಂಕಿಯೇ ಬರಲಿಲ್ಲ. ಅಷ್ಟು ತೆಳುವನ್ನು ನನ್ನ ಯಂತ್ರ ಅಳೆಯುವುದಿಲ್ಲ. ಹನ್ನೊಂದಕ್ಕೂ ಮೂರು ಮೂರು ಚುಕ್ಕೆ, ಸಾಲಾಗಿ, ಅಚ್ಚುಕಟ್ಟಾಗಿ ಇದ್ದವು.

ನನಗೆ ಬಂದದ್ದು ಸಿಟ್ಟು. ಗುತ್ತಿಗೆದಾರ ಇಲ್ಲಿ ಹೊಳೆಯ ಉಪ್ಪು ಮರಳನ್ನೇ ಗಾರೆಗೆ ಕೊಟ್ಟಿರಬೇಕು, ಅಪ್ಪ ಪ್ರಾಣ ಒತ್ತೆಯಿಟ್ಟು ತೆವಳಿ ಹಾಕಿದ ಗಾರೆ ಆ ಉಪ್ಪಿಗೆ ಉದುರಿ ಹೋಗಿರಬೇಕು ಎಂದು ನನ್ನಷ್ಟಕ್ಕೇ ಒಂದು ಕತೆ ಕಟ್ಟಿಕೊಂಡೆ. ಆ ಗುತ್ತಿಗೆದಾರ ಯಾರು, ಎಲ್ಲಿದ್ದಾನೆ, ಬದುಕಿದ್ದಾನೋ ಇಲ್ಲವೋ ಗೊತ್ತಿಲ್ಲ. ದಾರಿಯುದ್ದಕ್ಕೂ ಅವನಿಗೆ ಬಾಯಿಗೆ ಬಂದಂತೆ ಬೈದೆ.

ಅಂದು ಸಂಜೆ ಅಪ್ಪನಿಗೆ, ಹೊಳೆಯಲ್ಲಿ ಭರತ ಏರಿತ್ತು, ಕೆಲಸ ಮುಗಿಯಲಿಲ್ಲ ಎಂದೆ. ಮರುದಿನವೂ, ಆಮೇಲೂ ಏನೇನೋ ನೆಪ ಹೇಳಿದೆ. ವರದಿ ಮಾತ್ರ ನಿಜವಾಗಿಯೇ ಬರೆದೆ. ಹನ್ನೊಂದು ಜಾಯಿಂಟಿನ ಅಂಕಿಯನ್ನೂ ಕೆಂಪಿನಲ್ಲಿ ಹಾಕಿ, ಈ ಭಾಗ ಯಾವ ಹೊತ್ತಿಗಾದರೂ ಒಡೆಯಬಹುದು, ಕೂಡಲೇ ಬದಲಿಸಬೇಕು ಎಂದು ಸೇರಿಸಿ ಕಚೇರಿಗೆ ಒಯ್ದೆ. ಅಲ್ಲಿಯ ಇಂಜಿನಿಯರು ಕೆಟ್ಟ ಮನುಷ್ಯನೇನಲ್ಲ. ವರ್ಗದ ಆದೇಶ ಬಂದು ಗಂಟುಮೂಟೆ ಕಟ್ಟುತ್ತಿದ್ದ, ಅಷ್ಟೇ.

“ಪ್ರತಿ ಪೈಪಿಗೆ ಮೂರು ಕಡೆ ಅಂತ ಕೇಳಿದ್ದು. ಇದೆಲ್ಲ ಯಾಕೆ ಬರೆದ್ರಿ?”

“ತುಕ್ಕು ಇರುವುದು ಅಲ್ಲೇ ಸರ್.”

“ಸರಾಸರಿ ತೆಗೆದ್ರೆ ಲೈನು ಚೆನ್ನಾಗೇ ಇದೆಯಲ್ರೀ.” ಅವನು ನಿಜವಾಗಿಯೂ ಸರಾಸರಿ ತೆಗೆದ. ಮೇಲಕ್ಕೆ ಹೋಗುವ ಪತ್ರದಲ್ಲಿ ಆ ಸರಾಸರಿಯನ್ನು ಬರೆದ. ನನ್ನ ಕೆಂಪು ಅಂಕಿಗಳು ಹಿಂದಿನ ಪುಟಗಳಿಗೆ ಸೇರಿ ದಾರ ಕಟ್ಟಿಸಿಕೊಂಡು ಕಪಾಟಿಗೆ ಹೋದವು. ಎರಡು ಸಲ ಮತ್ತೆ ಹೋಗಿ ಕೇಳಿದೆ. ಎರಡನೆಯ ಸಲ ಆ ಕುರ್ಚಿಯಲ್ಲಿ ಹೊಸಬರಿದ್ದರು, ಅವರಿಗೆ ಕಡತ ಯಾವುದೆಂದು ಗೊತ್ತಿರಲಿಲ್ಲ.

ಆ ವಾರವೇ ಅಕ್ಕ ಫೋನು ಮಾಡಿದ್ದಳು. ಬೆಳಿಗ್ಗೆ ಮೊದಲ ಕೊಡಪಾನದ ನೀರು ಚಾದ ಬಣ್ಣಕ್ಕೆ ಬರುತ್ತದಂತೆ, ತಳದಲ್ಲಿ ಕೆಂಪು ಹುಡಿ ಕೂರುತ್ತದಂತೆ. ಸೋಸಿ ಕುಡಿಯಿರಿ ಎಂದೆ.

ಅಪ್ಪ ಮಾತ್ರ ಬಿಡಲಿಲ್ಲ. ಎರಡು ವಾರ ಕಳೆದ ಮೇಲೊಂದು ಸಂಜೆ ನಾನು ಬೂಟು ಕಳಚುವ ಮೊದಲೇ ಕೇಳಿದ.

“ಹೊಳೆ ಮೇಲಿಂದು ಎಂತ ಆತು?”

ನಾನು ಒಳಗೆ ಹೋಗಿ ಮಂಚದ ಪಕ್ಕ ಕೂತೆ. ಇಷ್ಟು ವರ್ಷದಲ್ಲಿ ಒಂದೇ ಒಂದು ಸುಳ್ಳು ಅಂಕಿ ಹೇಳಿದವನಲ್ಲ ನಾನು. ಐಸ್ ಫ್ಯಾಕ್ಟರಿಯ ಧಣಿ ಗದರಿಸಿದಾಗಲೂ ಹೇಳಿರಲಿಲ್ಲ.

“ಲಾಯ್ಕ್ ಅದೆ ಅಪ್ಪಾ. ಏಳು ಪಾಯಿಂಟ್ ಮೂರು, ಏಳು ಪಾಯಿಂಟ್ ನಾಲ್ಕು. ನಿನ್ನ ಗಾರೆ ಒಂಚೂರೂ ಕದಲಲಿಲ್ಲ.”

ಅವನು ಅಂಕಿಯನ್ನು ತಾನೂ ಹೇಳಿಕೊಳ್ಳಲಿಲ್ಲ. ನನ್ನನ್ನೇ ನೋಡುತ್ತಿದ್ದ.

“ಹನ್ನೊಂದೂ?”

“ಹನ್ನೊಂದೂ.”

“ಜಾಯಿಂಟಿನ ಹತ್ರ ಇಟ್ಯಾ?”

“ಹತ್ರವೇ ಇಟ್ಟೆ.”

“ಸುಳ್ಳು,” ಎಂದ. “ಅದ್ರೊಳಗೆ ಗಾರೆನೇ ಇಲ್ಲ. ನಾ ಹಾಕ್ಲೇ ಇಲ್ಲ.”

ಆಮೇಲೆ ಅವನು ಹೇಳಿದ್ದನ್ನು ಹೇಳಿ ಮುಗಿಸಲು ಬಹಳ ಹೊತ್ತು ಬೇಕಾಯಿತು. ನಾಲ್ಕು ಮಾತಿಗೊಮ್ಮೆ ಉಸಿರಿಗಾಗಿ ನಿಲ್ಲಬೇಕಿತ್ತು. ನೆಲದೊಳಗಿನ ಪೈಪು ತಣ್ಣಗಿರುತ್ತಿತ್ತು. ಹೊಳೆಯ ಮೇಲಿನ ಪೈಪು ಮೇ ತಿಂಗಳ ಬಿಸಿಲಿಗೆ ಬೋಳಾಗಿ ಬಿದ್ದುಕೊಂಡಿತ್ತು. ಮೊದಲ ದಿನ ಒಳಗೆ ಹೋದವನು ಜೊತೆಗಾರ, ಹಗ್ಗ ಹಿಡಿದವನು ಅಪ್ಪ. ಒಂದೊಂದೇ ಕುಟ್ಟು ಕೇಳುತ್ತಿತ್ತು, ಆಮೇಲೆ ನಿಂತಿತು. ಅಪ್ಪ ಎಳೆದ. ಹೊರಗೆ ಬಂದವನಿಗೆ ಪ್ರಜ್ಞೆ ಇರಲಿಲ್ಲ, ಹೊಟ್ಟೆಯ ಮತ್ತು ಮೊಣಕೈಯ ಚರ್ಮ ಕಬ್ಬಿಣಕ್ಕೆ ಅಂಟಿ ಸುಲಿದಿತ್ತು. ಬದುಕಿದ, ಆದರೆ ಮತ್ತೆ ಕೆಲಸದ ಮನುಷ್ಯನಾಗಲಿಲ್ಲ. ಮರುದಿನ ಮೇಸ್ತ್ರಿ ಅಪ್ಪನಿಗೆ ಒಳಗೆ ಹೋಗಲು ಹೇಳಿದ.

“ಬಾಯಿ ತಂಕ ಹೋದೆ ತಮ್ಮಾ. ತಲೆ ಒಳಗೆ ಹಾಕ್ದೆ. ಮುಂದೆ ಹೋಗುಕೆ ಆಗ್ಲಿಲ್ಲ. ಹೆದ್ರಿಕೆ. ಮಳೆ ಬಂತು, ನೀರು ಬಿಡ್ಬೇಕು, ಚುಕ್ಕೆ ಹೊಡದ್ಬಿಡು, ಆತು ಅಂದ ಮೇಸ್ತ್ರಿ. ಹೊಡ್ದೆ. ಮೂವತ್ಮೂರು ಚುಕ್ಕೆ. ಒಂದೇ ದಿನ, ನಾನೇ ಹೊಡ್ದೆ.”

ನಾನು ಅವನ ಕೈ ಹಿಡಿಯಹೋದೆ. ಬಿಡಿಸಿಕೊಂಡ.

“ಯಾರಿಗೂ ಹೇಳ್ಲಿಲ್ಲ. ನೀ ಈ ಕೆಲ್ಸಕ್ಕೆ ಸೇರ್ದಾಗ ಅಂದ್ಕಂಡೆ, ಒಂದಿನ ಇವ್ನೇ ಬಂದು ಹೇಳ್ತ. ಅಪ್ಪಾ, ನಿನ್ನ ಚುಕ್ಕೆ ಸುಳ್ಳು ಅಂತ. ಅವತ್ತು ಒಪ್ಕಂತೆ. ರಿಪೇರಿ ಮಾಡ್ತ್ರು, ಅಷ್ಟಾರೂ ಆತದೆ ಅಂದ್ಕಂಡಿದ್ದೆ.”

ಆಗ ನಾನು ನಿಜ ಹೇಳಿದೆ. ಎರಡು ಪಾಯಿಂಟ್ ಆರು ಎಂದೆ, ಕೊನೆಯ ಎರಡರಲ್ಲಿ ಅಂಕಿಯೇ ಬರಲಿಲ್ಲ ಎಂದೆ, ಎಲ್ಲವನ್ನೂ ವರದಿಯಲ್ಲಿ ಬರೆದು ಕೊಟ್ಟಿದ್ದೇನೆ ಎಂದೆ. ಅವನು ಕೇಳಿದ, “ಬರ್ದು ಕೊಟ್ರೆ ಮತ್ತೆ ಎಂತಕ್ಕೆ ಯಾರೂ ರಿಪೇರಿಗೆ ಬರ್ಲಿಲ್ಲ? ನೀರು ಹೋಗ್ತೇ ಅದ್ಯಲಾ?”

ಬ್ಯಾಗಿನಿಂದ ವರದಿಯ ಪ್ರತಿ ತೆಗೆದು ಅವನ ತೊಡೆಯ ಮೇಲಿಟ್ಟೆ. ಇಂಗ್ಲಿಷಿನಲ್ಲಿದ್ದ ಅಕ್ಷರಗಳು ಅವನಿಗೆ ಬರುವುದಿಲ್ಲ, ಅಂಕಿಗಳು ಬರುತ್ತವೆ. ಕೆಂಪು ಅಂಕಿಗಳ ಮೇಲೆ ಬೆರಳಾಡಿಸಿದ. ಕಾಗದವನ್ನು ಮಡಚಿ ನನಗೇ ವಾಪಸು ಕೊಟ್ಟ.

“ಇದೂ ನೀನೇ ಬರ್ದದ್ದಲಾ,” ಎಂದ.

ಅದನ್ನು ಅವನು ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿನಿಂದ ಹೇಳಿದ್ದರೆ ನಾನು ಜಗಳವಾಡಬಹುದಿತ್ತು. ಬಿಸಿಲಿಗೆ ಹೆದರಿ ಸುಳ್ಳು ಚುಕ್ಕೆ ಹೊಡೆದವನು ಅವನು, ಅವನ ಮುಖಕ್ಕೆ ಹೆದರಿ ಸುಳ್ಳು ಅಂಕಿ ಹೇಳಿದವನು ನಾನು. ನಿಜ ಬೇಡವಾಗಿದ್ದ ಕಚೇರಿಗೆ ನಿಜ ಕೊಟ್ಟು, ಅದೊಂದಕ್ಕೇ ಕಾದುಕೊಂಡಿದ್ದವನಿಗೆ ಸುಳ್ಳು ಕೊಟ್ಟೆ. ಆ ಒಂದು ನಿಮಿಷವನ್ನು ಹಿಂದಕ್ಕೆ ತರಲು ಸಾಧ್ಯವಿದ್ದರೆ ನಾನು ಏನು ಬೇಕಾದರೂ ಮಾಡುತ್ತಿದ್ದೆ.

ಈಗ ಮಳೆಗಾಲ ಮುಗಿಯುತ್ತ ಬಂದಿದೆ. ಪೈಪು ಇನ್ನೂ ಒಡೆದಿಲ್ಲ. ಅಕ್ಕನ ಮನೆಯಲ್ಲಿ ಮೊದಲ ಎರಡು ಕೊಡಪಾನ ಚೆಲ್ಲಿ ಮೂರನೆಯದನ್ನು ಇಟ್ಟುಕೊಳ್ಳುತ್ತಾರೆ. ಹೊನ್ನಾವರದ ಕಡೆ ಕೆಲಸಕ್ಕೆ ಹೋದಾಗ ಸ್ವಲ್ಪ ಸುತ್ತು ಬಳಸಿ ಆ ಹೊಳೆಯ ದಾರಿಯಲ್ಲೇ ಹೋಗುತ್ತೇನೆ. ಕಂಬಗಳ ಮೇಲೆ ಅದು ಇದ್ದಲ್ಲೇ ಇದೆ, ಹೊಸದಾಗಿ ಬೆಳ್ಳಿ ಬಣ್ಣ ಹೊಡೆದಿದ್ದಾರೆ.

ಡಾಕ್ಟರು ಹೇಳಿದ ದಿನಗಳನ್ನೆಲ್ಲ ದಾಟಿ ಅಪ್ಪ ಇನ್ನೂ ಇದ್ದಾನೆ. ಸಂಜೆ ನಾನು ಬಂದರೆ ಅವನು ಏನೂ ಕೇಳುವುದಿಲ್ಲ. ಬೂಟು ಕಳಚಿಟ್ಟು ಒಳಗೆ ಹೋಗಿ ನಾನೇ ಹೇಳುತ್ತೇನೆ: ಇವತ್ತು ಭಟ್ಕಳ, ಐಸ್ ಫ್ಯಾಕ್ಟರಿ, ಏಳು ಪಾಯಿಂಟ್ ಎರಡು. “ಹೌದಾ,” ಎನ್ನುತ್ತಾನೆ. ಅಂಕಿಯನ್ನು ತಾನು ಹೇಳಿಕೊಳ್ಳುವುದಿಲ್ಲ.